ಅಂಕಪಟ್ಟಿಯಲ್ಲಿ ಇಲ್ಲದ ನಕ್ಷೆ: ಭೂವಿಜ್ಞಾನ ಬೋಧಕರ ನೇಮಕಾತಿಯ ಮಾನದಂಡಗಳ ಒಂದು ವಿಮರ್ಶೆ

ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬಂದ ಅರ್ಜಿಗಳನ್ನು ಜರಡಿ ಹಿಡಿಯಲು ಯುಜಿಸಿಯ 2018ರ ನಿಯಮಾವಳಿ 3ಎ ಎಂಬ ಕೋಷ್ಟಕವನ್ನು ಕೊಟ್ಟಿದೆ. ಪದವಿಯ ಅಂಕಗಳಿಗೆ ಗರಿಷ್ಠ 15, ಸ್ನಾತಕೋತ್ತರ ಪದವಿಗೆ 25, ಪಿಎಚ್‌.ಡಿ.ಗೆ 30, ಜೆಆರ್‌ಎಫ್‌ ಸಹಿತ ನೆಟ್‌ಗೆ 7, ಬರಿಯ ನೆಟ್‌ಗೆ 5, ಪ್ರಕಟಿತ ಲೇಖನಕ್ಕೆ ತಲಾ 2ರಂತೆ ಹೆಚ್ಚೆಂದರೆ 10, ಬೋಧನೆ ಅಥವಾ ಪೋಸ್ಟ್‌ ಡಾಕ್ಟೊರಲ್‌ ಅನುಭವಕ್ಕೆ ವರ್ಷಕ್ಕೆ 2ರಂತೆ ಹೆಚ್ಚೆಂದರೆ 10, ಪ್ರಶಸ್ತಿಗೆ 3. ಒಟ್ಟು ನೂರು. ಈ ಅಂಕಗಳು ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂಬುದನ್ನಷ್ಟೇ ತೀರ್ಮಾನಿಸುತ್ತವೆ. ಅಂತಿಮ ಆಯ್ಕೆ ಸಂದರ್ಶನದ ಮೇಲೆಯೇ. ಕೋಷ್ಟಕ ಯಾವ ವಿಷಯದ ಕಡೆಗೂ ವಾಲಿಲ್ಲ, ಇತಿಹಾಸಕ್ಕೂ ಗಣಿತಕ್ಕೂ ಒಂದೇ. ಹೀಗೆ ಎಲ್ಲ ವಿಷಯಗಳಿಗೂ ಸಮನಾಗಿ ಹಿಡಿದ ಅಳತೆಗೋಲು ಭೂವಿಜ್ಞಾನದ ಪಾಲಿಗೆ ಸಮನಾಗಿಲ್ಲ ಎಂಬುದು ಈ ಲೇಖನದ ವಾದ.

ಇಬ್ಬರು ಕಾಲ್ಪನಿಕ ಅಭ್ಯರ್ಥಿಗಳನ್ನು ಕೋಷ್ಟಕದ ಮುಂದೆ ನಿಲ್ಲಿಸೋಣ. ಮೊದಲನೆಯವರಿಗೆ ಪದವಿಯಲ್ಲೂ ಸ್ನಾತಕೋತ್ತರದಲ್ಲೂ ಶೇ. 80ರ ಮೇಲೆ ಅಂಕಗಳಿವೆ, ಪಿಎಚ್‌.ಡಿ., ಜೆಆರ್‌ಎಫ್‌, ಐದು ಲೇಖನ, ಎರಡು ವರ್ಷದ ಪೋಸ್ಟ್‌ ಡಾಕ್ಟೊರಲ್‌ ಸಂಶೋಧನೆ ಇವೆ. ಅವರಿಗೆ ಸಿಗುವುದು 91. ಎರಡನೆಯವರು ಪದವಿಯಲ್ಲಿ ಶೇ. 64, ಸ್ನಾತಕೋತ್ತರದಲ್ಲಿ ಶೇ. 68 ಪಡೆದವರು, ಪಿಎಚ್‌.ಡಿ., ನೆಟ್‌, ಎರಡು ಲೇಖನಗಳಿವೆ; ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಎಂಟು ವರ್ಷ ನಕ್ಷೆ ಮಾಡುತ್ತ ಓಡಾಡಿದ್ದಾರೆ. ಇವರಿಗೆ 75. ಎರಡೂ ಪದವಿಗಳ ಅಂಕಗಳಿಂದ ಇವರು ಕಳೆದುಕೊಂಡದ್ದು ನಾಲ್ಕೇ ನಾಲ್ಕು. ಅದು ದೊಡ್ಡ ವಿಷಯವಲ್ಲ. ಆದರೆ ಎಂಟು ವರ್ಷದ ಫೀಲ್ಡ್‌ ಕೆಲಸ ಬೋಧನೆಯೂ ಅಲ್ಲ, ಪೋಸ್ಟ್‌ ಡಾಕ್ಟೊರಲ್‌ ಸಂಶೋಧನೆಯೂ ಅಲ್ಲ, ಆದ್ದರಿಂದ ಸೊನ್ನೆ. ಅದಕ್ಕೂ ಬೋಧನಾನುಭವದಷ್ಟೇ ಬೆಲೆ ಕೊಟ್ಟಿದ್ದರೆ ಹದಿನಾರರ ಅಂತರ ಆರಕ್ಕೆ ಇಳಿಯುತ್ತಿತ್ತು. ವಿಚಿತ್ರವೆಂದರೆ ಸಹ ಪ್ರಾಧ್ಯಾಪಕ ಹುದ್ದೆಗೆ ಬೇಕಾದ ಎಂಟು ವರ್ಷದ ಅನುಭವವನ್ನು ಸಂಶೋಧನಾ ಸಂಸ್ಥೆಯಲ್ಲೋ ಉದ್ಯಮದಲ್ಲೋ ಗಳಿಸಿದ್ದರೂ ಇದೇ ನಿಯಮಾವಳಿ ಒಪ್ಪಿಕೊಳ್ಳುತ್ತದೆ. ಮೇಲಿನ ಮೆಟ್ಟಿಲಲ್ಲಿ ಸಲ್ಲುವುದು ಕೆಳಗಿನ ಮೆಟ್ಟಿಲಲ್ಲಿ ಸಲ್ಲುವುದಿಲ್ಲ.

ಪ್ರಕಟಣೆಯ ಲೆಕ್ಕದಲ್ಲೂ ತೊಡಕಿದೆ. 1:50,000 ಅಳತೆಯ ಒಂದು ಟೊಪೊಶೀಟ್‌ ನಮ್ಮ ಅಕ್ಷಾಂಶದಲ್ಲಿ 700 ಚದರ ಕಿ.ಮೀ.ಗೂ ಹೆಚ್ಚಿನ ನೆಲವನ್ನು ಒಳಗೊಳ್ಳುತ್ತದೆ. ಅದರ ಹಳ್ಳ, ಗುಡ್ಡ, ಕಲ್ಲುಕ್ವಾರಿಗಳನ್ನು ಸುತ್ತಿ, ಪ್ರತಿ ಬಂಡೆಯ ಸ್ಟ್ರೈಕ್‌ ಮತ್ತು ಡಿಪ್‌ ಅಳೆದು, ಮಾದರಿಗಳ ತೆಳುಛೇದ ಮಾಡಿಸಿ ನೋಡಿ, ಎಲ್ಲಿ ನೈಸ್‌ ಮುಗಿದು ಎಲ್ಲಿ ಷಿಸ್ಟ್‌ ಶುರುವಾಗುತ್ತದೆಂದು ಗೆರೆ ಎಳೆಯುವುದು ಒಂದು ಬೇಸಿಗೆಯ ಕೆಲಸವಲ್ಲ. ಅದರಿಂದ ಒಂದು ಲೇಖನ ಹುಟ್ಟಿದರೆ ಹೆಚ್ಚು. ಒಂದು ತಾಲ್ಲೂಕಿನ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ, ಉಪಗ್ರಹಚಿತ್ರದ ಮೇಲೆ ಫಲಿತಾಂಶ ಕೂರಿಸಿದರೆ ಅಷ್ಟರಲ್ಲಿ ಮೂರು ಲೇಖನ ಸಿದ್ಧವಾಗಬಲ್ಲವು. ಫ್ಲೋರೈಡ್‌ ನೀರು ಕುಡಿಯುವ ಊರುಗಳಿರುವ ನಾಡಿನಲ್ಲಿ ಆ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕೋಷ್ಟಕಕ್ಕೆ ಲೇಖನವೊಂದೇ ಎಣಿಕೆಯ ಘಟಕ. ನಕ್ಷೆಗೆ ಅಲ್ಲಿ ಸಾಲೇ ಇಲ್ಲ.

ನೆಟ್‌ ಪರೀಕ್ಷೆ ಈ ಕೊರತೆಯನ್ನು ತುಂಬುತ್ತದೆಯೆ? ಸಿಎಸ್‌ಐಆರ್‌ ನೆಟ್‌ ಪರೀಕ್ಷೆಯಲ್ಲಿ ಭೂವಿಜ್ಞಾನಕ್ಕೆ ಪ್ರತ್ಯೇಕ ಪತ್ರಿಕೆಯಿಲ್ಲ; ಭೂಮಿ, ವಾಯುಮಂಡಲ, ಸಾಗರ, ಗ್ರಹಗಳ ವಿಜ್ಞಾನಕ್ಕೆಲ್ಲ ಸೇರಿ ಒಂದೇ ಪತ್ರಿಕೆ. ಬಹು ಆಯ್ಕೆಯ ಪ್ರಶ್ನೆಗಳು, ಮೂರು ಗಂಟೆ. ಕೈಯಲ್ಲಿ ಕಲ್ಲು ಹಿಡಿದು ನೋಡುವ ಪ್ರಸಂಗ ಅದರಲ್ಲಿ ಬರುವುದೇ ಇಲ್ಲ.

ಕಲ್ಲನ್ನು ನೋಡುವುದೆಂದರೆ ಏನು ಎಂಬುದಕ್ಕೆ ಕರ್ನಾಟಕದಲ್ಲೇ ಜಗತ್ಪ್ರಸಿದ್ಧ ಉದಾಹರಣೆಯಿದೆ. ಕನಕಪುರದ ಕಡೆಯ ಕಬ್ಬಾಳದುರ್ಗದ ಕ್ವಾರಿಯಲ್ಲಿ ಬೂದುಬಣ್ಣದ ನೈಸ್‌ ಶಿಲೆಯ ನಡುವೆ ಎಣ್ಣೆ ಸವರಿದಂತೆ ಮಿರುಗುವ, ಹಸಿರುಗಪ್ಪು ಬಣ್ಣದ ಮಚ್ಚೆಗಳಿವೆ. ಹತ್ತಿರ ಹೋದರೆ ನೈಸ್‌ನ ಪಟ್ಟೆಗಳು ಮಚ್ಚೆಯ ಅಂಚಿನವರೆಗೆ ಬಂದು ಅಲ್ಲಿ ಮಸುಕಾಗುತ್ತವೆ. ಒಳಗೆ ಹರಳುಗಳು ದಪ್ಪ, ಪಟ್ಟೆ ಮಾಯ. ಎರಡರ ನಡುವೆ ಕತ್ತರಿಸಿದಂಥ ಗಡಿಯಿಲ್ಲ. ಎಂದರೆ ಕಪ್ಪು ಶಿಲೆ ಹೊರಗಿನಿಂದ ಬಂದು ಸೇರಿದ್ದಲ್ಲ, ನೈಸೇ ನಿಂತಲ್ಲಿ ಚಾರ್ನೊಕೈಟ್‌ ಆಗಿ ಬದಲಾಗುತ್ತಿತ್ತು. ಸಿ. ಎಸ್‌. ಪಿಚ್ಚಮುತ್ತು ಇದನ್ನು 1960ರಲ್ಲಿ ‘ನೇಚರ್‌’ ಪತ್ರಿಕೆಯ ಚಿಕ್ಕ ಲೇಖನದಲ್ಲಿ ಹೇಳಿದರು. ಆ ಕ್ವಾರಿ ಅಂದಿನಿಂದ ವಿದೇಶಿ ಭೂವಿಜ್ಞಾನಿಗಳಿಗೂ ಯಾತ್ರಾಸ್ಥಳ. ಪಿಚ್ಚಮುತ್ತು ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು, ಮೈಸೂರು ಭೂವಿಜ್ಞಾನ ಇಲಾಖೆಯ ನಿರ್ದೇಶಕರೂ ಆಗಿದ್ದವರು. 1894ರಲ್ಲಿ ರಾಬರ್ಟ್‌ ಬ್ರೂಸ್‌ ಫೂಟ್‌ ನೇತೃತ್ವದಲ್ಲಿ ಆರಂಭವಾದ ಆ ಇಲಾಖೆಗೂ ಕಾಲೇಜಿನ ತರಗತಿಗೂ ನಡುವೆ ಇದ್ದ ಈ ಓಡಾಟದ ಬಾಗಿಲನ್ನು ಇಂದಿನ ಕೋಷ್ಟಕ, ಬೇಕೆಂದಲ್ಲದಿದ್ದರೂ, ಒಂದು ಕಡೆಯಿಂದ ಮುಚ್ಚಿದೆ.

ಅಳೆಯಲು ಸುಲಭವಾದುದನ್ನೇ ಅಳೆಯುವ ಚಾಳಿ ನಮ್ಮ ಕಾಲದ್ದಷ್ಟೇ ಅಲ್ಲ. 1728ರಲ್ಲಿ ತೀರಿಕೊಂಡ ಜಾನ್‌ ವುಡ್‌ವರ್ಡ್‌ ಕೇಂಬ್ರಿಜ್‌ನಲ್ಲಿ ತನ್ನ ಹೆಸರಿನ ಭೂವಿಜ್ಞಾನ ಪೀಠಕ್ಕೆ ಆಸ್ತಿ ಬಿಟ್ಟುಹೋದಾಗ, ಪ್ರಾಧ್ಯಾಪಕ ಅವಿವಾಹಿತನಾಗಿರಬೇಕು ಎಂದು ಉಯಿಲಿನಲ್ಲಿ ಬರೆದಿದ್ದ. 1818ರಲ್ಲಿ ಜಾನ್‌ ಹೇಲ್‌ಸ್ಟೋನ್‌ ಮದುವೆಯಾಗಿ ಪೀಠ ಬಿಡಬೇಕಾಯಿತು. ಆ ಜಾಗಕ್ಕೆ ಭಾರಿ ಬಹುಮತದಿಂದ ಬಂದ ಆಡಮ್‌ ಸೆಜ್‌ವಿಕ್‌ಗೆ ಆಗ ಭೂವಿಜ್ಞಾನ ಗೊತ್ತಿದ್ದದ್ದು ಅತ್ಯಲ್ಪ. ಆತ ಬಂಡೆಗಳ ಮೇಲೆಯೇ ಕಲಿತ, ವೇಲ್ಸ್‌ನ ಬೆಟ್ಟಗಳಿಂದ ಕೇಂಬ್ರಿಯನ್‌ ಯುಗವನ್ನು ಗುರುತಿಸಿದ, 1831ರ ಬೇಸಿಗೆಯಲ್ಲಿ ಎಳೆಯ ಡಾರ್ವಿನ್‌ನನ್ನು ಅಲ್ಲಿಗೇ ಕರೆದೊಯ್ದ, 1873ರವರೆಗೆ ಪೀಠದಲ್ಲಿದ್ದ. ಮತದಾನವೇ ಒಳ್ಳೆಯ ವಿಧಾನ ಎಂದು ಇದರಿಂದ ಯಾರೂ ಹೇಳಲಾರರು. ಉಯಿಲಿನ ಷರತ್ತಿಗೂ ಸೆಜ್‌ವಿಕ್‌ನ ಯೋಗ್ಯತೆಗೂ ಸಂಬಂಧವಿರಲಿಲ್ಲ ಎಂಬುದು ಮಾತ್ರ ನಿಜ.

ವಿಭಾಗ ಚಿಕ್ಕದಾದಷ್ಟೂ ಸಾಮಾನ್ಯ ನಿಯಮ ಅದನ್ನು ಹೆಚ್ಚು ಕಚ್ಚುತ್ತದೆ. ಮೀಸಲಾತಿ ರೋಸ್ಟರ್‌ನ ಪ್ರಸಂಗವೇ ಸಾಕ್ಷಿ. ವಿಭಾಗವನ್ನೇ ಘಟಕವಾಗಿ ಹಿಡಿಯಬೇಕೆಂದು ಯುಜಿಸಿ 2018ರ ಮಾರ್ಚ್‌ನಲ್ಲಿ ಸೂಚಿಸಿದಾಗ, 13 ಬಿಂದುಗಳ ರೋಸ್ಟರ್‌ ಪ್ರಕಾರ ಒಬಿಸಿಗೆ ನಾಲ್ಕನೆಯ ಹುದ್ದೆ, ಪರಿಶಿಷ್ಟ ಜಾತಿಗೆ ಏಳನೆಯದು. ಮೂರೇ ಹುದ್ದೆಗಳ ಭೂವಿಜ್ಞಾನ ವಿಭಾಗದ ಮೊದಲ ನೇಮಕಾತಿಯಲ್ಲಿ ಮೀಸಲಾತಿಯ ಸರದಿ ಬರುತ್ತಲೇ ಇರಲಿಲ್ಲ. ಗದ್ದಲ ಎದ್ದ ಮೇಲೆ, ಕೇಂದ್ರೀಯ ಸಂಸ್ಥೆಗಳ ಮಟ್ಟಿಗೆ 2019ರ ಕಾಯ್ದೆ ಇಡೀ ಸಂಸ್ಥೆಯನ್ನು ಮತ್ತೆ ಘಟಕವಾಗಿಸಿ ಇದನ್ನು ಸರಿಪಡಿಸಿತು. ಅಂಕಪಟ್ಟಿಯ ವಿಚಾರದಲ್ಲಿ ಅಂಥ ಗದ್ದಲ ಏಳಲಿಲ್ಲ, ಏಕೆಂದರೆ ಅದರ ನಷ್ಟ ಯಾವ ಒಂದು ಗುಂಪಿನದೂ ಅಲ್ಲ.

ನಿಯಮ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಸಂದರ್ಶನದ ಹಂತದಲ್ಲಿ ಸೆಮಿನಾರ್‌ ಅಥವಾ ತರಗತಿಯ ಉಪನ್ಯಾಸದ ಮೂಲಕ ಬೋಧನಾ ಸಾಮರ್ಥ್ಯವನ್ನು ಪರೀಕ್ಷಿಸಲು 2018ರ ನಿಯಮಾವಳಿಯೇ ಅವಕಾಶ ಕೊಟ್ಟಿದೆ. ಭೂವಿಜ್ಞಾನದ ತರಗತಿ ಲಾಲ್‌ಬಾಗಿನ ಬಂಡೆಯ ಮೇಲೂ ನಡೆಯಬಹುದು, ಚಾಮುಂಡಿ ಬೆಟ್ಟದ ಗ್ರಾನೈಟ್‌ ಮೇಲೂ ನಡೆಯಬಹುದು. ಆಯ್ಕೆ ಸಮಿತಿಯ ಕೋರಂಗೆ ಹೊರಗಿನ ಇಬ್ಬರು ವಿಷಯತಜ್ಞರು ಹೇಗೂ ಇರಲೇಬೇಕು, ಅವರು ಎ.ಸಿ. ಕೋಣೆ ಬಿಟ್ಟು ಅರ್ಧ ದಿನ ಹೊರಗೆ ಬರಬೇಕು, ಅಷ್ಟೆ. ಅಭ್ಯರ್ಥಿಗಳೆಲ್ಲರಿಗೂ ಒಂದೇ ಬಂಡೆ, ಒಂದು ಗಂಟೆ, ಒಂದು ಬ್ರಂಟನ್‌ ಕಂಪಾಸ್‌, ಒಂದು ಫೀಲ್ಡ್‌ ಪುಸ್ತಕ. ಯಾವ ಸಿರೆ ಯಾವುದನ್ನು ಕತ್ತರಿಸಿದೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಚಿತ್ರ ಬರೆದು ತೋರಿಸಿ, ನಂತರ ಅದನ್ನೇ ಎಂ.ಎಸ್‌ಸಿ. ವಿದ್ಯಾರ್ಥಿಗಳಿಗೆ ವಿವರಿಸಬೇಕು.

ಇದು ವ್ಯಕ್ತಿನಿಷ್ಠ, ಕೋರ್ಟಿನಲ್ಲಿ ನಿಲ್ಲದು ಎಂಬ ಆಕ್ಷೇಪ ಬರುತ್ತದೆ. ಬಾಯಿಮಾತಿನ ಹತ್ತು ನಿಮಿಷದ ಸಂದರ್ಶನ ಉಳಿಸಿಹೋಗುವುದು ಒಂದು ಅಂಕಿಯನ್ನು. ಫೀಲ್ಡ್‌ ಪುಸ್ತಕ ಉಳಿಸಿಹೋಗುವುದು ಸಹಿ ಹಾಕಿದ ಪುಟಗಳನ್ನು, ಯಾರು ಬೇಕಾದರೂ ತೆಗೆದು ಮರುಪರಿಶೀಲಿಸಬಹುದಾದ ಅಳತೆಗಳನ್ನು. ಅಂಗವಿಕಲ ಅಭ್ಯರ್ಥಿಗಳಿಗೆ ಇದು ಅನ್ಯಾಯ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬೆಟ್ಟ ಹತ್ತುವ ಕಾಲಿನ ಶಕ್ತಿಗೆ ಇಲ್ಲಿ ಅಂಕವಿಲ್ಲ ಎಂದು ಅಧಿಸೂಚನೆಯಲ್ಲೇ ಸ್ಪಷ್ಟಪಡಿಸಬೇಕು. ವಾಹನ ಪಕ್ಕದವರೆಗೆ ಹೋಗುವ ಬಂಡೆಯನ್ನೇ ಎಲ್ಲರಿಗೂ ಆರಿಸಬೇಕು. ಅದೂ ಆಗದಿದ್ದಲ್ಲಿ ಅದೇ ಬಂಡೆಯ ದೊಡ್ಡ ಛಾಯಾಚಿತ್ರ, ಕೈಮಾದರಿಗಳು ಮತ್ತು ತೆಳುಛೇದಗಳನ್ನು ಮೇಜಿನ ಮೇಲಿಟ್ಟು ಅದೇ ಪ್ರಶ್ನೆಗಳನ್ನು ಕೇಳಬೇಕು.