ಬಿಜಾಪುರದ ಗಂಜ್‌ಗಳು ಮತ್ತು ನಾಣ್ಯದ ನಲ್ಲಿ

ಅಕ್ಕೋಳದಿಂದ ಬಿಜಾಪುರಕ್ಕೆ (ಈಗಿನ ವಿಜಯಪುರ) ಪ್ರವಾಸ ಹೋದ ಮಕ್ಕಳು ಗೋಲಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ ಬರುತ್ತಾರೆ. ಊರೊಳಗೆ ಅಲ್ಲಲ್ಲಿ ನಿಂತಿರುವ ಹಳೆಯ ನೀರಿನ ಗೋಪುರಗಳನ್ನು ಯಾರೂ ತೋರಿಸುವುದಿಲ್ಲ. ಅವೇ ಗಂಜ್‌ಗಳು.

ಆದಿಲಶಾಹಿ ಅರಸರು ಪಶ್ಚಿಮದ ತೊರವಿಯಿಂದಲೂ, 1651ರಲ್ಲಿ ಮುಹಮ್ಮದ್ ಆದಿಲಶಾಹ ಕಟ್ಟಿಸಿದ ಬೇಗಂ ತಲಾಬಿನಿಂದಲೂ ನಗರಕ್ಕೆ ನೀರು ತಂದರು. ನೆಲದಡಿಯಲ್ಲಿ ಮಣ್ಣಿನ ಕೊಳವೆಗಳು. ಒತ್ತಡ ಹೆಚ್ಚಿದರೆ ಅವು ಒಡೆಯುತ್ತವಲ್ಲವೇ? ಅದಕ್ಕೆಂದೇ ದಾರಿಯಲ್ಲಿ ಗಂಜ್ ಕಟ್ಟಿದರು. ನೀರು ಅದರೊಳಗೆ ಏರಿದಾಗ ಒತ್ತಡ ತಗ್ಗುತ್ತಿತ್ತು, ಹೂಳು ತಳದಲ್ಲಿ ನಿಲ್ಲುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ! ಬೇಕಿದ್ದುದು ಹೂಳು ತೆಗೆಯುವ ಕೈ, ಅದಕ್ಕೆ ಕೂಲಿ. 1686ರಲ್ಲಿ ನಗರ ಔರಂಗಜೇಬನ ವಶವಾಯಿತು. ರಾಜಾಶ್ರಯ ಹೋದ ಮೇಲೆ ಆರೈಕೆ ತಪ್ಪಿತು, ಕೊಳವೆಗಳು ಒಡೆದು ಹೂತುಹೋದವು. ಕಟ್ಟಿಸಿದವರ ಹೆಸರು ಉಳಿಯಿತು, ನೀರು ಉಳಿಯಲಿಲ್ಲ.

ಆರೈಕೆಯ ಈ ಖರ್ಚಿಗೆ ನಮ್ಮ ಕಾಲದವರು ಬೇರೆ ದಾರಿ ಹುಡುಕಿದರು. 2008ರಲ್ಲಿ ಪಿರಾಮಲ್ ಪ್ರತಿಷ್ಠಾನ ಆರಂಭಿಸಿದ ‘ಸರ್ವಜಲ್’, ಊರಿನವರಿಂದಲೇ ಘಟಕ ನಡೆಸಿ, ಅಗ್ಗದ ದರಕ್ಕೆ ಶುದ್ಧ ನೀರು ಮಾರಿಸಿತು. ಕರ್ನಾಟಕದ ಹಳ್ಳಿಗಳಿಗೂ ನಾಣ್ಯ ಹಾಕಿ ನೀರು ತುಂಬಿಕೊಳ್ಳುವ ಸರಕಾರಿ ಘಟಕಗಳು ಬಂದವು. ನೀರಿಗೂ ಕಾಸೇ ಎಂದು ನನಗೆ ಮೊದಲು ಕಸಿವಿಸಿಯಾಗಿತ್ತು. ಬಾಯಾರಿದವರಿಗೆ ನೀರು ಕೊಡುವುದನ್ನು ಸದಕಾ ಎಂದು ಕಲಿತವರು ನಾವು. ಆದರೆ ಫಿಲ್ಟರ್ ಬದಲಿಸಲು, ಕರೆಂಟ್ ಬಿಲ್ ಕಟ್ಟಲು ಆ ನಾಣ್ಯವೇ ಬೇಕು. ಅದು ನಿಂತರೆ ಘಟಕಕ್ಕೆ ಬೀಗ. ಹಾಗಾದರೆ ನಾಣ್ಯವೂ ಇಲ್ಲದ ಮುದುಕಿಯ ಕೊಡ? ಅದರ ಕಾಸನ್ನು ಊರಿನ ಉಳ್ಳವರು ಮೊದಲೇ ಕಟ್ಟಿಡಬೇಕು. ಯಂತ್ರಕ್ಕೆ ಮುಖದ ಗುರುತಿಲ್ಲ, ನಮಗಿದೆ.