ದೇಶ ಸುತ್ತಿ ಕೋಶ ಬರೆದವರು

ಹುಟ್ಟಿದ ಊರನ್ನು ಬಿಟ್ಟು ಮತ್ತೊಂದು ಊರಿನಲ್ಲಿ ಒಲೆ ಹೂಡಿದವರಿಗೆ ಮೊದಲ ದಿನಗಳ ನೆನಪು ಎಂದೂ ಮಾಸುವುದಿಲ್ಲ. ನಮ್ಮ ತಂದೆತಾಯಿಗಳು 1950ರ ದಶಕದಲ್ಲಿ ಮಂಗಳೂರಿನಿಂದ ಈ ಮುಂಬಯಿಗೆ ಬಂದು ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದಾಗ, ನಲ್ಲಿಯಲ್ಲಿ ನೀರು ಬರುವ ಹೊತ್ತು ಯಾವುದೆಂಬುದು ಕೂಡ ಅವರಿಗೆ ತಿಳಿದಿರಲಿಲ್ಲವಂತೆ. ಮೊದಲ ದಿನ ತನ್ನ ಕೊಡದ ನೀರನ್ನೇ ನಮ್ಮ ಪಾತ್ರೆಗೆ ಸುರಿದು, ಮರುದಿನ ಬೆಳಗಿನ ಜಾವ ಕದ ತಟ್ಟಿ ಎಬ್ಬಿಸಿದವರು ಮಗ್ಗುಲ ಕೋಣೆಯ ಮರಾಠಿ ಅಜ್ಜಿ. ಮರಾಠಿಯಲ್ಲಿ 'ಮೀಠ' ಎಂದರೆ ಉಪ್ಪು ಎಂದು ಅಮ್ಮನಿಗೆ ಹೇಳಿಕೊಟ್ಟವರೂ ಅವರೇ. ಆ ಅಜ್ಜಿಯ ಋಣವನ್ನು ತೀರಿಸುವುದು ಹೇಗೆಂದು ಅಮ್ಮ ಕಡೆಯವರೆಗೂ ಕೇಳುತ್ತಿದ್ದರು.

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯ ಪುಟಗಳನ್ನು ತಿರುವಿದರೆ, ನಮ್ಮ ನಾಡಿಗೇ ಪರಸ್ಥಳದವರಾಗಿ ಬಂದು, ನಮ್ಮವರ ಅನ್ನ ನೀರು ಮಾತುಗಳ ಋಣಕ್ಕೆ ಬಿದ್ದು, ಅದನ್ನು ಅಪೂರ್ವ ರೀತಿಯಲ್ಲಿ ತೀರಿಸಿಹೋದ ಕೆಲವರು ಕಣ್ಣಿಗೆ ಬೀಳುತ್ತಾರೆ. ಅವರೇ ಬಾಸೆಲ್ ಮಿಶನ್ನಿನ ಪಾದ್ರಿಗಳು. ರಾಜ್ಯೋತ್ಸವದ ಈ ಶುಭಸಂದರ್ಭದಲ್ಲಿ ಅವರ ಕಥೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಸಂಸ್ಥೆ ಹುಟ್ಟಿತು. ಈಸ್ಟ್ ಇಂಡಿಯಾ ಕಂಪೆನಿಯ ಸನದು 1833ರಲ್ಲಿ ಮಾರ್ಪಾಡಾಗಿ, ಬ್ರಿಟಿಷರಲ್ಲದ ಪಾದ್ರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, ಎಂದರೆ 1834ರ ಅಕ್ಟೋಬರಿನಲ್ಲಿ, ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು, ಆ ತಿಂಗಳ ಕೊನೆಗೆ ಮಂಗಳೂರನ್ನು ತಲಪಿದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ; ಅದಕ್ಕೆ ಮೊದಲು ಆಫ್ರಿಕಾ ಖಂಡವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಕಡಲ ಮೇಲೆ ತೇಲಿ ಬರಬೇಕಾಗಿತ್ತು. ಬಂದಮೇಲೆ ಕರಾವಳಿಯ ಮಳೆ, ಸೆಕೆ, ಜ್ವರಗಳು ಕಾದಿದ್ದವು. ಮನೆಯಿಂದ ಬರೆದ ಕಾಗದ ಕೈಸೇರುವ ಹೊತ್ತಿಗೆ ಅದರಲ್ಲಿದ್ದ ಸುದ್ದಿ ಹಳಸಿರುತ್ತಿತ್ತು.

1836ರಲ್ಲಿ ಹೆರ್ಮನ್ ಮೊಗ್ಲಿಂಗ್ ಎಂಬ ತರುಣ ಮಂಗಳೂರಿಗೆ ಬಂದನು. ಆಗ ಆತನಿಗೆ ಇಪ್ಪತ್ತೈದು ವರ್ಷ. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವನು. ಬಂದ ಉದ್ದೇಶ ಮತಪ್ರಸಾರ, ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಆದರೆ ಜನರೊಡನೆ ಮಾತಾಡಬೇಕಾದರೆ ಜನರ ಮಾತು ಬರಬೇಕು. ಮಾತು ಬರಬೇಕಾದರೆ ಹೇಳಿಕೊಡುವವರು ಬೇಕು. ಇಲ್ಲಿಯೇ ಕಥೆಯ ತಿರುವು ಇದೆ. ಕಲಿಸಲು ಬಂದವರು ಮೊದಲು ಶಿಷ್ಯರಾಗಿ ಕುಳಿತುಕೊಳ್ಳಬೇಕಾಯಿತು. ಊರಿನ ಪಂಡಿತರು, ಮುನ್ಷಿಗಳು ಅವರಿಗೆ ಅಕ್ಷರ ತಿದ್ದಿಸಿದರು. ಸಂತೆಯಲ್ಲಿ, ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಜನ ಆಡುಮಾತಿನ ವರಸೆಯನ್ನು ಕಲಿಸಿದರು. ಓಲೆಗರಿಯ ಕಟ್ಟುಗಳನ್ನು ಇಟ್ಟುಕೊಂಡಿದ್ದವರು ಪ್ರತಿ ಮಾಡಿಕೊಳ್ಳಲು ಎಡೆಗೊಟ್ಟರು. ಇವರಲ್ಲಿ ಎಷ್ಟೋ ಮಂದಿಯ ಹೆಸರು ಚರಿತ್ರೆಯಲ್ಲಿ ಉಳಿಯಲಿಲ್ಲ. ಆದರೆ ಅವರ ಉಪಕಾರ ಉಳಿದಿದೆ.

ಆ ಉಪಕಾರ ಫಲಿಸಿದ ಬಗೆಯನ್ನು ನೋಡಿರಿ. 1843ನೆಯ ಜುಲೈ 1ರಂದು ಮೊಗ್ಲಿಂಗರ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ' ಹೊರಟಿತು. ಕಲ್ಲಚ್ಚಿನಲ್ಲಿ ಮುದ್ರಿತವಾದ ಈ ಪುಟ್ಟ ಪಾಕ್ಷಿಕವೇ ಕನ್ನಡದ ಮೊತ್ತಮೊದಲ ವೃತ್ತಪತ್ರಿಕೆ. ಮುಂದಿನ ವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಇಂದಿಗೂ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆಮೇಲೆ 1848ರಿಂದ 1853ರವರೆಗೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮೊದಲಾದುವು ಅಚ್ಚಾದವು. ಖರ್ಚನ್ನು ವಹಿಸಿಕೊಂಡವರು ಮದರಾಸಿನ ನ್ಯಾಯಾಧೀಶರಾಗಿದ್ದ ಕಾಸಮೇಜರ್ ಎಂಬವರು. ಕ್ರೈಸ್ತ ಪಾದ್ರಿಯೊಬ್ಬನು ಕೂತು ವೀರಶೈವರ ಪುರಾಣವನ್ನೂ ಹರಿದಾಸರ ಪದಗಳನ್ನೂ ಅಚ್ಚು ಹಾಕಿಸಿದನೆಂದರೆ, ಆತನು ಬಂದಾಗ ಇದ್ದ ಮನಸ್ಸು ಹಾಗೆಯೇ ಉಳಿದಿರಲಿಲ್ಲವೆಂದು ಯಾರಾದರೂ ಊಹಿಸಬಹುದು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರ ಕನ್ನಡ ಸೇವೆಯನ್ನು ಮೆಚ್ಚಿ ಗೌರವ ಡಾಕ್ಟರೇಟ್ ನೀಡಿತು.

ಆದರೆ ಚರಿತ್ರೆಯನ್ನು ಬರೆಯುವಾಗ ಸಿಹಿಯನ್ನಷ್ಟೇ ಬಡಿಸುವುದು ಸಲ್ಲದು. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣನು ಕ್ರೈಸ್ತ ಮತವನ್ನು ಸ್ವೀಕರಿಸಿದಾಗ ಊರೆಲ್ಲ ಗಲಭೆಯೆದ್ದಿತು. ಒಂದು ಮನೆಯಲ್ಲಿ ಮಗನು ಇದ್ದೂ ಇಲ್ಲದಂತಾದನು. ಆ ತಾಯಿತಂದೆಗಳ ಸಂಕಟವನ್ನು ಪಾದ್ರಿಗಳ ಯಾವ ಗ್ರಂಥಸೇವೆಯೂ ಅಳಿಸಲಾರದು. ಬಂದವರ ಬೆನ್ನ ಹಿಂದೆ ಕಂಪೆನಿ ಸರಕಾರದ ನೆರಳಿತ್ತು. ನಮ್ಮ ದೇವರುಗಳ ವಿಷಯದಲ್ಲಿ ಅವರ ಬಾಯಿಂದ ಕಟುವಾದ ಮಾತುಗಳೂ ಬರುತ್ತಿದ್ದವು. ಹಾಗಿದ್ದೂ ಅವರಿಗೆ ಕಲಿಸಿದ ಪಂಡಿತರು ಇದ್ದರು ಎಂಬುದನ್ನು ನೆನೆದಾಗ, ನಮ್ಮ ಜನರ ಔದಾರ್ಯ ಇನ್ನಷ್ಟು ದೊಡ್ಡದಾಗಿ ತೋರುತ್ತದೆ.

ಕೌಂಡಿನ್ಯರ ಮುಂದಿನ ಜೀವನ ನಮ್ಮಂಥವರಿಗೆ ವಿಶೇಷವಾಗಿ ಸ್ವಾರಸ್ಯದ್ದು. 1846ರಲ್ಲಿ ಮೊಗ್ಲಿಂಗರ ಜೊತೆಯಲ್ಲಿ ಅವರು ಬಾಸೆಲ್ಲಿಗೆ ಹೋಗಿ, ಅಲ್ಲಿಯೇ ವ್ಯಾಸಂಗ ಮಾಡಿ, 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದರು. ಮಂಗಳೂರಿನ ಹುಡುಗನು ಹಿಮ ಬೀಳುವ ಊರಿನಲ್ಲಿ ಜರ್ಮನ್ ಭಾಷೆಯನ್ನು ಕಲಿತು ಪರದೇಶಿಯಾಗಿ ಬದುಕಿದ ಆ ಐದು ವರ್ಷಗಳು, ಮೊಗ್ಲಿಂಗರು ಮಂಗಳೂರಿನಲ್ಲಿ ಕಳೆದ ಮೊದಲ ವರ್ಷಗಳ ಪ್ರತಿಬಿಂಬದಂತಿವೆ. ಗುರುವು ನಮ್ಮಲ್ಲಿ ಅತಿಥಿಯಾಗಿದ್ದನು. ಶಿಷ್ಯನು ಗುರುವಿನ ನಾಡಿನಲ್ಲಿ ಅತಿಥಿಯಾದನು.

1853ರಲ್ಲಿ ಮೊಗ್ಲಿಂಗರು ಕೊಡಗಿಗೆ ಹೋದರು. ಅವರನ್ನು ಅಲ್ಲಿಗೆ ಸೆಳೆದವನು ಅಲ್ಮಂಡ ಸೋಮಯ್ಯ ಎಂಬ ಕೊಡವ. ಆತನು ಕ್ರೈಸ್ತನಾದುದರಿಂದ ಕುಲಬಾಂಧವರು ಅವನನ್ನು ದೂರವಿಟ್ಟರು. ಹೊಸಬನಿಗೆ ಕದ ತೆರೆದವನು ತನ್ನವರ ಕದ ಮುಚ್ಚಿದ್ದನ್ನು ಕಾಣಬೇಕಾಯಿತು. ಸತ್ಕಾರಕ್ಕೆ ಬೆಲೆ ತೆರುವವನು ಎಷ್ಟೋ ಸಲ ಅತಿಥಿಯಲ್ಲ, ಆತಿಥೇಯನೇ. ಕೊಡಗಿನ ಆನಂದಪುರವೆಂಬ ಊರು ಆನಂದರಾವ್ ಕೌಂಡಿನ್ಯರ ಹೆಸರನ್ನು ಇಂದಿಗೂ ಹೊತ್ತಿದೆ.

ಅದೇ 1853ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಭಾರತಕ್ಕೆ ಬಂದರು. ಉತ್ತರ ಜರ್ಮನಿಯ ಕಡಲತೀರದ ಸೀಮೆಯವರು, ವಯಸ್ಸು ಇಪ್ಪತ್ತೊಂದು. ಧಾರವಾಡದ ಕಡೆ ಕೆಲಸಕ್ಕೆ ನಿಂತ ಈ ತರುಣ, ಭಾರತೀಯರ ನಡುವೆ ಭಾರತೀಯನಂತೆಯೇ ಇರಬೇಕೆಂದು ಹೊರಟನು. ಮಿಶನ್ನಿನ ಹಿರಿಯರಿಗೆ ಈ ನಡೆ ಹಿಡಿಸಲಿಲ್ಲ. ಆದರೂ ಕಿಟ್ಟೆಲ್ಲರು ಕನ್ನಡವನ್ನು ಬಿಡಲಿಲ್ಲ. 1862ರಲ್ಲಿ 'ಕಥಾಮಾಲೆ' ಎಂಬ ಕೃತಿಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು.

ಈ ನಡುವೆ ಪರಸ್ಥಳದ ಬದುಕು ಅವರಿಂದ ತನ್ನ ತೆರಿಗೆಯನ್ನು ವಸೂಲು ಮಾಡದೆ ಬಿಡಲಿಲ್ಲ. 1860ರಲ್ಲಿ ಕೈಹಿಡಿದ ಪತ್ನಿ ಪೌಲೀನಾ 1864ರಲ್ಲಿಯೇ ಮಂಗಳೂರಿನಲ್ಲಿ ತೀರಿಕೊಂಡರು. ಮೊಗ್ಲಿಂಗರ ಬಂಧುವೂ ಕನ್ನಡ ಬೈಬಲ್ಲಿನ ಪರಿಷ್ಕರಣಕ್ಕೆ ದುಡಿದವರೂ ಆದ ವೈಗ್ಲೆ ಪಾದ್ರಿಗಳು 1855ರಲ್ಲಿ ಕಾಲವಾಗಿದ್ದರು. ಪರದೇಶದಲ್ಲಿ ಸಾವು ಬಂದಾಗ ನೆರೆಹೊರೆಯೇ ಬಂಧುಬಳಗವಾಗಬೇಕು ಎಂಬುದನ್ನು ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಿಟ್ಟೆಲ್ಲರ ಮಹಾಕಾರ್ಯ ಅವರ ನಿಘಂಟು. 1877ರಲ್ಲಿ ಅವರು ಸ್ವದೇಶಕ್ಕೆ ಹೋದರು. ಜರ್ಮನಿಯಲ್ಲಿ ಕುಳಿತು ಕನ್ನಡದ ಕೋಶವನ್ನು ಮುಗಿಸಲಾಗದೆಂದು ಕಂಡು, ಐವತ್ತು ದಾಟಿದ ಮೇಲೆ 1883ರಲ್ಲಿ ಮತ್ತೆ ಹಡಗು ಹತ್ತಿದರು. ಪದ ಗ್ರಂಥದಲ್ಲಿರಬಹುದು, ಅದರ ಜೀವವಿರುವುದು ಜನರ ನಾಲಿಗೆಯಲ್ಲಿ. 1892ರವರೆಗೆ ಇಲ್ಲಿದ್ದು, ಪಂಡಿತರ ನೆರವಿನಿಂದ ಕೆಲಸವನ್ನು ದಡಕ್ಕೆ ತಂದರು. ಕಣ್ಣು ಸೋತಿತು, ಕೈ ಸೋಲಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಅದರಲ್ಲಿ ಹಳಗನ್ನಡ ಕವಿಗಳ ಮಾತಿದೆ. ಅದರ ಪಕ್ಕದಲ್ಲಿಯೇ ರೈತರ, ಹೆಂಗಸರ ಬಾಯಿಯ ಗಾದೆಗಳಿವೆ. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ಸೋದರ ಪದಗಳನ್ನೂ ಕೊಟ್ಟಿದ್ದಾರೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರನ್ನೂ ಗೌರವಿಸಿತು. 1903ರಲ್ಲಿ ಆ ಊರಿನಲ್ಲಿಯೇ ಅವರು ಗತಿಸಿದರು. ಮುಂದೆ ಮರಿಯಪ್ಪ ಭಟ್ಟರು ಈ ಕೋಶವನ್ನು ಪರಿಷ್ಕರಿಸಿದಾಗ, 1968ರಿಂದ 1971ರವರೆಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯ. ಕನ್ನಡದ ಕೆಲಸ ಕನ್ನಡನಾಡಿನ ಹೊರಗೂ ನಡೆಯಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

'ದೇಶ ಸುತ್ತು, ಕೋಶ ಓದು' ಎಂದು ನಮ್ಮ ಹಿರಿಯರು ಹೇಳಿದರು. ಕಿಟ್ಟೆಲ್ಲರು ದೇಶ ಸುತ್ತಿ ಕೋಶವನ್ನು ಬರೆದೇಬಿಟ್ಟರು. ನಮ್ಮ ಜನ ಬಿಡಿಬಿಡಿಯಾಗಿ ದಾನ ಕೊಟ್ಟ ಮಾತುಗಳನ್ನೆಲ್ಲ ಒಟ್ಟುಗೂಡಿಸಿ, ಅಕಾರಾದಿಯಾಗಿ ಜೋಡಿಸಿ, ಕೊಟ್ಟವರ ಕೈಗೇ ಹಿಂದಿರುಗಿಸಿದರು. ಮಂಗಳೂರಿಗೆ ಈ ಮಿಶನ್ನು ಕೊಟ್ಟ ಇನ್ನೊಂದು ವಸ್ತು ಹೆಂಚು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ತೊಡಗಿಸಿದ ಆ ಕಾರ್ಖಾನೆಯ ಬಳಿಕ ಮಂಗಳೂರು ಹೆಂಚು ಕಡಲ ದಾರಿಯಿಂದ ಮುಂಬಯಿಗೂ ಬಂದು ಇಲ್ಲಿಯ ಮಾಡುಗಳನ್ನು ಮುಚ್ಚಿತು. ನಮ್ಮ ತಂದೆಯವರು ಇಲ್ಲಿ ಬಂದಿಳಿಯುವುದಕ್ಕೆ ಎಷ್ಟೋ ಮೊದಲೇ ನಮ್ಮೂರಿನ ಮಣ್ಣು ಇಲ್ಲಿಯ ಮಳೆಯನ್ನು ತಡೆಯುತ್ತಿದ್ದಿತು ಎಂದು ನೆನೆದಾಗ ಮನಸ್ಸಿಗೆ ಏನೋ ಒಂದು ಸಮಾಧಾನ.

ಈಗ ಅಮ್ಮನ ಪ್ರಶ್ನೆಗೆ ಹಿಂತಿರುಗೋಣ. ನೆರೆಯವರ ಋಣ ತೀರುವುದು ಹೇಗೆ? ಅವರ ಭಾಷೆಯನ್ನು ಶ್ರದ್ಧೆಯಿಂದ ಕಲಿಯುವುದು ಮೊದಲ ದಾರಿ. ಬಾಡಿಗೆ ಮಾತಿಗೂ ತರಕಾರಿಯ ಚೌಕಾಸಿಗೂ ಸಾಕಾಗುವಷ್ಟು ಕಲಿತರೆ ಸಾಲದು. ಅವರ ಗಾದೆ, ಹಾಡು, ಕಥೆಗಳು ನಮಗೆ ತಿಳಿದಿರಬೇಕು. ಎರಡನೆಯದು, ನಮ್ಮದನ್ನು ಕಳೆದುಕೊಳ್ಳದಿರುವುದು. ಕಿಟ್ಟೆಲ್ಲರಿಗೆ ಪದಗಳನ್ನು ಕೊಡಲು ಊರಿಗೆ ಊರೇ ಇತ್ತು. ನಮ್ಮ ಮಕ್ಕಳಿಗೆ ಕೊಡಲು ಮನೆಯಲ್ಲಿ ಒಬ್ಬ ಅಜ್ಜಿ, ಒಬ್ಬ ಅಜ್ಜ ಇದ್ದರೆ ಅದೇ ಹೆಚ್ಚು. ಅವರ ಜೊತೆಯಲ್ಲಿ ಎಷ್ಟು ಪದಗಳು ಹೊರಟುಹೋಗುತ್ತವೆಯೋ ಬಲ್ಲವರಾರು?

ಆದುದರಿಂದ ಬಾಂಧವರಲ್ಲಿ ನನ್ನದೊಂದು ಬಿನ್ನಹ. ಈ ರಾಜ್ಯೋತ್ಸವದ ದಿನ ಮನೆಗೆ ಹೋದಮೇಲೆ ಮೊಮ್ಮಕ್ಕಳ ಕೈಗೆ ಒಂದು ನೋಟುಬುಕ್ಕನ್ನು ಕೊಡಿರಿ. ಹಿರಿಯರ ಬಾಯಿಂದ ಬರುವ, ಶಾಲೆಯ ಪುಸ್ತಕದಲ್ಲಿ ಸಿಗದ ಕನ್ನಡ ಪದಗಳನ್ನು ದಿನಕ್ಕೊಂದರಂತೆ ಅವರು ಬರೆದುಕೊಳ್ಳಲಿ. ಎದುರಿಗೆ ಮಗ್ಗುಲ ಮನೆಯ ಭಾಷೆಯ ಪದವನ್ನೂ ಕೇಳಿ ತಿಳಿದು ಬರೆಯಲಿ. ನಮ್ಮ ಮನೆಯ ಪುಸ್ತಕದ ಮೊದಲ ಸಾಲನ್ನು ನಾನು ಬರೆಸಿಯಾಗಿದೆ: ಉಪ್ಪು, ಅದರ ಎದುರಿಗೆ ಮೀಠ.