ಶಾಲಾಪೂರ್ವ ಶಿಕ್ಷಕ ವೃತ್ತಿಗೆ ಪ್ರೌಢಶಾಲಾ ತರಬೇತಿ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ಪ್ರೌಢಶಾಲೆಗಳಲ್ಲಿ ಹದಿಹರೆಯದವರಿಗೆ ಪುಟ್ಟ ಮಕ್ಕಳ ಆರೈಕೆ ಮತ್ತು ಕಲಿಕೆಯನ್ನು ವೃತ್ತಿಯಾಗಿ ಕಲಿಸುವ ವ್ಯವಸ್ಥೆ. ಇದರ ಬೇರು, 1917ರ ಸ್ಮಿತ್-ಹ್ಯೂಸ್ ಕಾಯ್ದೆಯ ಧನಸಹಾಯ ಪಡೆದ ಗೃಹವಿಜ್ಞಾನ ತರಗತಿಗಳಲ್ಲಿದೆ. ಈಗ ವೃತ್ತಿಶಿಕ್ಷಣಕ್ಕೆ ಒಕ್ಕೂಟ ಸರ್ಕಾರದ ನೆರವು ಸಿಗುವುದು 2018ರಲ್ಲಿ ನವೀಕರಿಸಿದ ಪರ್ಕಿನ್ಸ್ ಕಾಯ್ದೆಯಡಿ.

1975ರಿಂದ ನೀಡಲಾಗುತ್ತಿರುವ ಸಿ.ಡಿ.ಎ. (ಚೈಲ್ಡ್ ಡೆವಲಪ್‌ಮೆಂಟ್ ಅಸೋಸಿಯೇಟ್) ಎಂಬ ಶಿಶುಪಾಲನಾ ಅರ್ಹತಾಪತ್ರವನ್ನು 11 ಮತ್ತು 12ನೇ ತರಗತಿಯ ವೃತ್ತಿಶಿಕ್ಷಣ ವಿದ್ಯಾರ್ಥಿಗಳೂ ಪಡೆಯಬಹುದು. ಅದಕ್ಕೆ 120 ಗಂಟೆಗಳ ಪಾಠ, 480 ಗಂಟೆಗಳ ಕೆಲಸದ ಅನುಭವ, ಸ್ವಂತ ಕೆಲಸದ ಕಡತ, ತಜ್ಞರ ಭೇಟಿ ಮತ್ತು ಪರೀಕ್ಷೆ ಅಗತ್ಯ.

ತರಬೇತಿಯ ಜೀವಾಳ ಆ 480 ಗಂಟೆಗಳು. ಕೆಲವು ಪ್ರೌಢಶಾಲೆಗಳು ತಮ್ಮ ಕಟ್ಟಡದಲ್ಲೇ ಶಿಶುವಿಹಾರ ನಡೆಸುತ್ತವೆ. ಉಳಿದೆಡೆ ವಿದ್ಯಾರ್ಥಿಗಳು ಊರಿನ ಶಿಶುಪಾಲನಾ ಕೇಂದ್ರಗಳಿಗೆ ಹೋಗುತ್ತಾರೆ. ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು ಮಾತಾಡುವುದು, ಕಥೆ ಓದುವುದು, ಊಟಕ್ಕೆ ಮುನ್ನ ಕೈ ತೊಳೆಸುವುದು ಎಲ್ಲವೂ ಪಾಠವೇ. ಎಲ್ಲಕ್ಕಿಂತ ಕಷ್ಟದ್ದು ವೀಕ್ಷಣಾ ಟಿಪ್ಪಣಿ: 'ಹಟಮಾರಿ' ಎಂದು ಬರೆಯುವಂತಿಲ್ಲ, 'ಗೊಂಬೆ ಕಸಿದುಕೊಂಡಾಗ ಅತ್ತಿತು, ಸ್ವಲ್ಪ ಹೊತ್ತಿನ ಬಳಿಕ ತಾನೇ ಆಟಕ್ಕೆ ಮರಳಿತು' ಎಂದು ಕಂಡದ್ದನ್ನಷ್ಟೇ ಬರೆಯಬೇಕು. ಹದಿನಾರರ ವಯಸ್ಸಿನಲ್ಲಿ ಈ ತಾಳ್ಮೆ ಕಲಿಯುವುದು ಸಣ್ಣ ಸಾಧನೆಯಲ್ಲ.

ಹಲವೆಡೆ ಇದೇ ಪಾಠಗಳಿಗೆ ಸಮುದಾಯ ಕಾಲೇಜಿನ ಕ್ರೆಡಿಟ್ ಕೂಡ ದೊರೆಯುತ್ತದೆ. ಆದರೆ ಶಿಶುಪಾಲನಾ ಕೆಲಸದ ಸಂಬಳ ಅಮೆರಿಕದಲ್ಲಿ ತೀರಾ ಕಡಿಮೆ. ತರಬೇತಿ ಪಡೆದ ಯುವಜನರು ಬೇರೆ ಉದ್ಯೋಗ ಹಿಡಿಯಲು ಇದು ಮುಖ್ಯ ಕಾರಣ. ಪಠ್ಯಕ್ರಮ ಸುಧಾರಣೆಯೊಂದರಿಂದಲೇ ಈ ಸಮಸ್ಯೆ ಬಗೆಹರಿಯದು.